ಆಚೆ ದಡದವರ ಮತ

“ದೋಣಿ ನಿಲ್ಲಿಸಬಹುದು ಅನ್ನೋರು ಕೈ ಎತ್ತಿ” ಎಂದರು ಅಧ್ಯಕ್ಷರು. ಸಭಾಭವನದ ತುಂಬ ಕೈಗಳೆದ್ದವು. ಹೊಲಿಗೆಯವಳು ಪಕ್ಕಕ್ಕೆ ತಿರುಗಿ ನೋಡಿದಳು. ಗಂಡನ ಕೈಯೂ ಮೇಲಿತ್ತು. ಕಣ್ಣು ಮಾತ್ರ ನೆಲ ನೋಡುತ್ತಿತ್ತು.

ಊರಿನ ಖರ್ಚಿನಲ್ಲಿ ಓಡುವ ದೋಣಿಯನ್ನು ನಿಲ್ಲಿಸಿದರೆ ಮೇಲಿನ ಬೀದಿಗಳಿಗೆ ನಲ್ಲಿ ಹಾಕಿಸಬಹುದೆಂಬುದು ಯೋಜನೆ. ಅವರ ಮನೆಯೂ ಮೇಲಿನ ಬೀದಿಯಲ್ಲೇ. ಆದರೆ ಹೊಳೆಯಾಚೆ ಅವಳ ಅಕ್ಕ ಹಾಸಿಗೆ ಹಿಡಿದಿದ್ದಳು. ದೋಣಿಯಿದ್ದರೆ ಅಕ್ಕನ ತಲೆ ಬಾಚಿ, ಊಟ ಮಾಡಿಸಿ, ಇಬ್ಬರೂ ಸೇರಿ ಊರವರನ್ನೆಲ್ಲ ಆಡಿಕೊಂಡು ನಕ್ಕು, ಕತ್ತಲಾಗುವುದರೊಳಗೆ ಮನೆ ಸೇರಬಹುದಿತ್ತು. ಬಸ್ಸಿನಲ್ಲಿ ಸುತ್ತಿ ಬಳಸಿ ಹೋದರೆ ಹೋಗುವುದಕ್ಕೇ ಇಡೀ ದಿನ ಬೇಕು.

ಅವಳು ಎದ್ದು ನಿಂತಳು. “ಆಚೆ ದಡದವರನ್ನೂ ಒಂದು ಮಾತು ಕೇಳಬಾರದಾ ಸಾರ್?”

“ಅವರಿಗೆ ಇಲ್ಲಿ ಮತ ಇಲ್ಲಮ್ಮ.” ಅಧ್ಯಕ್ಷರು ಕೆಟ್ಟವರಲ್ಲ, ದನಿಯಲ್ಲಿ ಮರುಕವಿತ್ತು. “ಬಹುಮತ ಬಂದಮೇಲೆ ನಾನಾದರೂ ಏನ್ ಮಾಡ್ಲಿ?”

“ಬಹುಮತ ಬಂತು ಅಂದ್ರೆ ಸರಿ ಅಂತಾನಾ?”

“ಸರಿ ಅಂತಲ್ಲಮ್ಮ. ತೀರ್ಮಾನ ಆಯ್ತು ಅಂತ.”

ಸಭೆ ಮುಗಿಸಿ ಇಬ್ಬರೂ ಮನೆಗೆ ಬಂದರು. ಬೀಗ ತೆಗೆಯುತ್ತ ಗಂಡ ಅಂದ: “ನೀರು ಹೊತ್ತೂ ಹೊತ್ತೂ ನಿನ್ನ ಸೊಂಟ ಬಿದ್ದುಹೋಗಿದೆ. ನಿನಗೋಸ್ಕರಾನೇ ಕೈ ಎತ್ತಿದೆ ಕಣೇ.”

ಅದು ಸುಳ್ಳಲ್ಲವೆಂದು ಅವಳಿಗೆ ಗೊತ್ತಿತ್ತು. ಸುಳ್ಳಾಗಿದ್ದರೆ ಚೆನ್ನಾಗಿ ಜಗಳವಾಡಿ ಹಗುರಾಗಬಹುದಿತ್ತು. “ನನ್ನನ್ನ ಕೇಳಿದ್ರಾ?” ಎಂದಷ್ಟೇ ಹೇಳಿ ಒಳಗೆ ಹೋದಳು.

ಕೊನೆಯ ದೋಣಿ ಹೊರಡುವ ದಿನ ಅವಳು ಬಟ್ಟೆಯ ಗಂಟು ಹಿಡಿದು ಹತ್ತಿ ಕೂತಳು. ಅಕ್ಕನ ಕೊನೆಗಾಲದವರೆಗೂ ಅಲ್ಲೇ ಇರುವುದೆಂದು ನಿಶ್ಚಯಿಸಿಕೊಂಡಿದ್ದಳು. ಗಂಡ ನೀರಿನಂಚಿನ ತನಕ ಬಂದು ನಿಂತ. ಹೋಗಬೇಡ ಎನ್ನಲಿ ಎಂದು ಅವಳ ಜೀವ ಹಾತೊರೆಯಿತು. ಅಂದರೂ ಅವಳು ಇಳಿಯುತ್ತಿರಲಿಲ್ಲ. ಆದರೂ ಒಂದು ಸಲ ಅನ್ನಲಿ ಎಂದು.

ಅವನು ಬಟ್ಟೆಯ ಗಂಟಿನ ಕಡೆ ನೋಡಿದ. “ಸ್ವೆಟರ್ ಇಟ್ಕೊಂಡಿದೀಯಾ?”

“ಹೂಂ.”

ದೋಣಿ ದಡ ಬಿಟ್ಟಿತು. ಒಂದಷ್ಟು ದೂರ ಹೋದಮೇಲೆ ಅವನು ಇದ್ದಕ್ಕಿದ್ದಂತೆ ಮೊಣಕಾಲುದ್ದ ನೀರಿಗಿಳಿದು, ಎರಡೂ ಕೈ ಬಾಯಿಯ ಸುತ್ತ ಹಿಡಿದು ಏನೋ ಕೂಗಿದ. ಮೋಟಾರಿನ ಸದ್ದಿನಲ್ಲಿ ಒಂದಕ್ಷರವೂ ಕೇಳಿಸಲಿಲ್ಲ. ಅವಳು ಎದ್ದು ನಿಂತು, ಎಲ್ಲವೂ ಕೇಳಿಸಿತೆಂಬಂತೆ ತಲೆಯಾಡಿಸುತ್ತಲೇ ಇದ್ದಳು.