ಗಾಡಿ ಬೇಕೇ, ಬೇಡವೇ?

ಗಂಡ ಎದೆ ಹಿಡಿದುಕೊಂಡು ಕುಸಿದ ಕೂಡಲೇ ನೀಲವ್ವ ಆಂಬುಲೆನ್ಸಿಗೆ ಫೋನ್ ಮಾಡಿದಳು. ಗಾಡಿ ಹೊರಡಲು ವಾರ್ಡಿನವರ ಬಹುಮತ ಬೇಕೆಂಬ ನಿಯಮದಂತೆ ಎಲ್ಲರ ಮೊಬೈಲಿಗೂ ಪ್ರಶ್ನೆ ಹೋಯಿತು: ‘ಸರ್ಕಾರಿ ಖರ್ಚಿನಲ್ಲಿ ಗಾಡಿ ಕಳಿಸಬೇಕೇ?’

ಓಣಿಯವರು ಓಡಿಬಂದರು. ಒಬ್ಬರು ಗಾಳಿ ಬೀಸಿದರು, ಇನ್ನೊಬ್ಬರು ಅಂಗಾಲು ತಿಕ್ಕಿದರು. ಬಿಡುವಾದ ಕೈಯಲ್ಲಿ ಎಲ್ಲರೂ ಎಂದಿನಂತೆ ‘ಬೇಡ’ ಒತ್ತಿದರು.

“ನನ್ನ ಕಣ್ಣೆದುರಿಗೇ ಬ್ಯಾಡ ಅಂತ ಒತ್ತಿದ್ರಲ್ಲಪ್ಪಾ!” ನೀಲವ್ವ ಚೀರಿದಳು.

“ನಿಮ್ಮ ಮ್ಯಾಲ ಸಿಟ್ಟಿಲ್ಲಕ್ಕಾ. ಅರ್ಧ ರೊಕ್ಕ ಆ ಗಾಡಿ ಕಳಿಸೋ ಆಫೀಸಿನವರೇ ತಿಂತಾರ,” ಎಂದ ಪಕ್ಕದ ಮನೆಯ ಫಕ್ಕೀರಪ್ಪ, ಕಣ್ಣೊರೆಸಿಕೊಳ್ಳುತ್ತ. “ಹೋದ ವಾರ ನಮ್ಮವ್ವಗ ನೀವೂ ಬ್ಯಾಡ ಅಂದ್ರಿ. ನಾ ಏನರ ಅಂದ್ನೇನು?”

ಗಾಡಿ ಬರಲಿಲ್ಲ. ಸಂಜೆ ಹೆಣಕ್ಕೆ ಹೆಗಲು ಕೊಡಲು ಮಾತ್ರ ಓಣಿಗೆ ಓಣಿಯೇ ಬಂತು. ಅದಕ್ಕೆ ಯಾರ ಮತವೂ ಬೇಕಿರಲಿಲ್ಲ.