ಗುರುಪಾದಪ್ಪ ಮಾಸ್ತರ್ ಇದ್ದ ಲ್ಯಾಪ್‌ಟಾಪ್

ಫೋನ್ ಪಕ್ಕಕ್ಕಿಡುವ ಮೊದಲು ಇದೊಂದನ್ನು ಓದಿಬಿಡಿ... ನನ್ನ ಗೆಳತಿ ಹೇಳಿದ್ದು. ಹೇಳುವಾಗ ಅವಳಿಗೂ ಅಳು, ಕೇಳುವಾಗ ನನಗೂ.

ಹಾವೇರಿ ಕಡೆ ಒಂದು ಕಿವುಡ ಮಕ್ಕಳ ಶಾಲೆ. ಅಲ್ಲಿ ಸುಮಂಗಲಾ ಎಂಬ ಟೀಚರ್.

ಒಂದು ದಿನ ಅವರ ಲ್ಯಾಪ್‌ಟಾಪ್ ಆನ್ ಆಗಲೇ ಇಲ್ಲ... ಚಾರ್ಜರ್ ಬದಲಿಸಿದರೂ ಇಲ್ಲ. ಸರ್ವಿಸ್ ಸೆಂಟರ್‌ಗೆ ಓಡಿದರು.

"ಡಿಸ್ಕ್ ಪೂರ್ತಿ ಹೋಗೈತ್ರಿ ಮೇಡಂ. ವಾರಂಟಿನೂ ಹೋದ ತಿಂಗಳ ಮುಗದೈತಿ" ಎಂದರು ಕೌಂಟರ್‌ನಲ್ಲಿದ್ದವರು.

ಟೀಚರ್‌ಗೆ ಸಿಟ್ಟು ನೆತ್ತಿಗೇರಿತು.

"ವಾರಂಟಿ ಮುಗಿಯೂದನ್ನ ಕಾಯ್ಕೊಂಡ ಕೂತಿತ್ತೇನ್ರಿ ಇದು? ಯಾರಿಗೆ ಫೋನ್ ಹಚ್ಚಬೇಕು ಹೇಳ್ರಿ, ನಾ ಬಿಡಂಗಿಲ್ಲ!"

ಫೋನ್ ಹಚ್ಚಿದರು... ಮೇಲ್ ಕಳಿಸಿದರು... ಕಂಪನಿಯ ಉತ್ತರವೂ ಅದೇ.

ಕೊನೆಗೆ ಕೌಂಟರ್‌ನವರೇ ಮೆಲ್ಲಗೆ ಹೇಳಿದರು. "ಮೇಡಂ, ವಾರಂಟಿ ಇದ್ದಿದ್ರ ಹೊಸಾ ಡಿಸ್ಕ್ ಹಾಕಿ ಕೊಡತಿದ್ವಿ. ಒಳಗಿದ್ದದ್ದನ್ನ ಆಗಲೂ ಕೊಡಾಕ ಆಗತಿರಲಿಲ್ರಿ. ಬ್ಯಾರೆ ಕಡೆ ಕಾಪಿ ಇಟ್ಟಿಲ್ಲೇನ್ರಿ?"

ಇಟ್ಟಿರಲಿಲ್ಲ. ನಾಳೆ ಮಾಡಿದರಾಯಿತು ಅಂತ ಸುಮ್ಮನಿದ್ದುಬಿಟ್ಟಿದ್ದರು. ನಾವೆಲ್ಲ ಮಾಡುವುದೂ ಅದನ್ನೇ ಅಲ್ಲವೇ...

ಟೀಚರ್ ಅಲ್ಲೇ ಕುರ್ಚಿಯಲ್ಲಿ ಕುಸಿದು ಕೂತರು. ಯಾಕೆಂದರೆ ಒಳಗಿದ್ದದ್ದು ಗುರುಪಾದಪ್ಪ ಮಾಸ್ತರ್.

ಅದೇ ಶಾಲೆಯಲ್ಲಿದ್ದ ಆ ಮಾಸ್ತರ್‌ಗೂ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಕೈಸನ್ನೆಯಲ್ಲಿ ಅವರು ಕಥೆ ಹೇಳಲು ನಿಂತರೆ ಮಕ್ಕಳು ಊಟವನ್ನೇ ಮರೆಯುತ್ತಿದ್ದರು. ಆ ಕಥೆಗಳನ್ನೆಲ್ಲ ಟೀಚರ್ ವಿಡಿಯೋ ಮಾಡಿಟ್ಟಿದ್ದರು.

ಹೋದ ವರ್ಷ ಮಾಸ್ತರ್ ತೀರಿಕೊಂಡರು. ಅಂದಿನಿಂದ ಪ್ರತಿ ಶನಿವಾರ ಮಕ್ಕಳು ಆ ಲ್ಯಾಪ್‌ಟಾಪ್ ಮುಂದೆ ಕೂತು ಮಾಸ್ತರ್ ಕಥೆ ನೋಡುತ್ತಿದ್ದರು.

ಶನಿವಾರ ಬಂತು... ಟೀಚರ್ ಬರಿಗೈಯಲ್ಲಿ ತರಗತಿಗೆ ಹೋದರು.

"ಮಾಸ್ತರ್ ಎಲ್ಲಿ?" ಮಕ್ಕಳ ಕೈಗಳು ಕೇಳಿದವು.

"ಲ್ಯಾಪ್‌ಟಾಪ್ ಕೆಟ್ಟುಹೋಯಿತು. ಮಾಸ್ತರ್ ಇನ್ನು ಬರುವುದಿಲ್ಲ" ಎಂದು ಟೀಚರ್ ಸನ್ನೆ ಮಾಡಿದರು. ಸತ್ತವರನ್ನು ಎರಡನೇ ಸಲ ಕಳೆದುಕೊಳ್ಳುವ ಸಂಕಟ ಯಾರಿಗೂ ಬೇಡ...

ಆಗ ಮುಸ್ಕಾನ್ ಎಂಬ ಹುಡುಗಿ ಎದ್ದು ಬಂದು ಎಲ್ಲರ ಮುಂದೆ ನಿಂತಳು. ಕೆರೆಗಿಳಿದ ಎಮ್ಮೆ ಮೇಲೆ ಬರಲು ಒಪ್ಪದ ಒಂದು ಕಥೆಯನ್ನು ಮಾಸ್ತರ್ ಹೇಳುತ್ತಿದ್ದರು... ಅದನ್ನೇ ಸನ್ನೆಯಲ್ಲಿ ಶುರು ಮಾಡಿದಳು.

ಎಮ್ಮೆ ಬಂತು, ಕೆರೆ ಬಂತು, ಎಮ್ಮೆಯ ಒಡತಿಯ ಬೈಗುಳವೂ ಬಂತು! ಮಕ್ಕಳು ಬಿದ್ದು ಬಿದ್ದು ನಕ್ಕರು.

ಟೀಚರ್ ಕಣ್ಣಿಗೆ ಬಿದ್ದದ್ದು ಬೇರೆಯೇ. ಕೆರೆಯ ನೀರು ತೋರಿಸಲು ಮುಸ್ಕಾನ್ ಎರಡೂ ಅಂಗೈ ಬಿಡಿಸಿ ಆಡಿಸುವಾಗ, ಬಲಗೈ ಕಿರುಬೆರಳು ಮಾತ್ರ ಮಡಚಿಕೊಂಡೇ ಇತ್ತು.

"ಬೆರಳಿಗೆ ಏನಾಯಿತು? ನೋವೇನು?" ಸನ್ನೆಯಲ್ಲಿ ಕೇಳಿದರು.

ಹುಡುಗಿಗೆ ಆಶ್ಚರ್ಯ. "ಏನೂ ಇಲ್ಲ. ನೀರು ಅಂದರೆ ಹೀಗೇ ಅಲ್ವಾ?"

ಟೀಚರ್ ಉಳಿದ ಮಕ್ಕಳಿಗೂ 'ನೀರು' ತೋರಿಸಲು ಹೇಳಿದರು.

ಎಲ್ಲರ ಕಿರುಬೆರಳೂ ಮಡಚಿತ್ತು... ಮಾಸ್ತರ್ ತೀರಿಕೊಂಡ ಮೇಲೆ ಶಾಲೆಗೆ ಸೇರಿದ, ಅವರನ್ನು ವಿಡಿಯೋದಲ್ಲಿ ಮಾತ್ರ ಕಂಡಿದ್ದ ಪುಟ್ಟ ಮಗುವಿನದೂ!

ಮಾಸ್ತರ್ ಚಿಕ್ಕವರಿದ್ದಾಗ ಬಾಗಿಲಿಗೆ ಸಿಕ್ಕಿ ಜಜ್ಜಿಹೋಗಿದ್ದ ಅವರ ಬಲಗೈ ಕಿರುಬೆರಳು ಮತ್ತೆಂದೂ ನೆಟ್ಟಗಾಗಿರಲಿಲ್ಲ. ಮಕ್ಕಳು ಅದನ್ನೂ ಪಾಠವೆಂದೇ ಕಲಿತಿದ್ದರು.

ತಿದ್ದಲು ಎತ್ತಿದ ಕೈಯನ್ನು ಟೀಚರ್ ಕೆಳಗಿಳಿಸಿದರು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

ಆಮೇಲೆ ಫೋನನ್ನು ಮೇಜಿನ ಮೇಲೆ ನಿಲ್ಲಿಸಿ ಮಕ್ಕಳ ಕಥೆಗಳನ್ನು ರೆಕಾರ್ಡ್ ಮಾಡತೊಡಗಿದರು. ಈ ಸಲ ಅವತ್ತೇ ಎರಡು ಕಡೆ ಕಾಪಿ ಇಟ್ಟರಂತೆ, ಬಿಡಿ!

ಮೊದಲ ವಿಡಿಯೋದಲ್ಲಿ ಟೀಚರೂ ಇದ್ದಾರೆ. ಮಕ್ಕಳ ನಡುವೆ ನಿಂತು, ತಮ್ಮ ಕಿರುಬೆರಳನ್ನೂ ಮಡಚಿ, 'ನೀರು' ಎನ್ನುತ್ತಿದ್ದಾರೆ...

*ವಾರಂಟಿ ಮುಗಿಯುವುದು ಯಂತ್ರಕ್ಕೆ... ಮನಸಾರೆ ಕಲಿಸಿದ್ದಕ್ಕಲ್ಲ.*

ನಿಮ್ಮ ನಡೆಯಲ್ಲಿ, ನುಡಿಯಲ್ಲಿ, ನಿಮಗೇ ಗೊತ್ತಿಲ್ಲದೆ ಉಳಿದುಕೊಂಡಿರುವವರು ಯಾರು... ಒಮ್ಮೆಯಾದರೂ ನೋಡಿಕೊಂಡಿದ್ದೀರಾ?