ಅಪ್ಪನ ಕೋಶಗಳು

ಪರದೆಯ ಮೇಲೆ ರೋಗದ ವಿರುದ್ಧ ಹೋರಾಡುವ ಒಂದು ಪುಟ್ಟ ರಕ್ಷಕ ಕೋಶ ಕ್ಯಾನ್ಸರ್ ಕೋಶಕ್ಕೆ ಅಂಟಿಕೊಂಡು ಅದನ್ನು ಒಡೆದುಹಾಕಿದ್ದೇ ತಡ, ಅಪ್ಪ ಕುರ್ಚಿಯಿಂದ ಅರ್ಧ ಎದ್ದು ಬೆರಳು ಚಾಚಿದರು. "ನೋಡಿದ್ರಾ, ನನ್ನವು ಹೇಗೆ ಬಗ್ಗುಬಡೀತಿವೆ!"

ಮಗಳು ಕೈಗವಸು ಕಳಚಿದಳು. "ಅಪ್ಪಾ, ಅವು ನಾವು ಲ್ಯಾಬ್‌ನಲ್ಲಿ ಬೆಳೆಸಿದ್ದು. ಆಪರೇಷನ್‌ನಲ್ಲಿ ತೆಗೆದ ನಿಮ್ಮ ಲಿವರ್ ತುಂಡಿನಿಂದ ಬಂದ ರಕ್ಷಕ ಕೋಶಗಳು ಈ ಕಡೆ ಇವೆ." ಪಕ್ಕದ ಚಿತ್ರದಲ್ಲಿ ಅವರ ಕೋಶಗಳು ಕ್ಯಾನ್ಸರಿಗೆ ಒತ್ತಿಕೊಂಡೇ ಇದ್ದವು. ಒಂದೂ ಮಿಸುಕಲಿಲ್ಲ.

"ಸುಸ್ತಾಗಿರಬೇಕು, ಪಾಪ," ಎಂದು ಅಪ್ಪ ನಗಲು ನೋಡಿದರು.

ಅಮ್ಮ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದಳು. ಆಮೇಲೆ ರವಿಕೆಯ ಉದ್ದ ತೋಳನ್ನು ಮೇಲೆ ಸರಿಸಿ, ಮೊಣಕೈವರೆಗಿನ ಹಳೆಯ ಸುಟ್ಟ ಕಲೆಯನ್ನು ಪರದೆಯ ಪಕ್ಕಕ್ಕೆ ಹಿಡಿದಳು.

"ನಿಮ್ಮವೇ, ಅನುಮಾನವೇ ಬೇಡ. ನಿಮ್ಮಮ್ಮ ನನ್ನ ಕೈಯನ್ನ ಒಲೆಗೆ ಒತ್ತಿ ಹಿಡಿದಾಗ್ಲೂ ನೀವು ಹೀಗೇ ಪಕ್ಕದಲ್ಲಿ ನಿಂತಿದ್ರಿ."